ಸೈಕ್ ಪೋಸ್ಟಿಂಗ್‌ಗೆ ಹೋಗಲೇಬೇಕಾ ಮೇಡಂ?

ಪ್ರಶ್ನೆ: ನಾನು ಬಿ.ಎಸ್ಸಿ. ನರ್ಸಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಮುಂದಿನ ತಿಂಗಳು ನಮ್ಮ ಬ್ಯಾಚನ್ನು ಸೈಕಿಯಾಟ್ರಿ (ಮನೋರೋಗ ವಿಭಾಗದ) ಪೋಸ್ಟಿಂಗ್‌ಗೆ ಜಿಲ್ಲೆಯ ಹೊರಗಿನ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಈ ಸಬ್ಜೆಕ್ಟನ್ನು ನಮ್ಮ ಕ್ಲಾಸಿನಲ್ಲಿ ಯಾರೂ ಮನಸ್ಸಿಟ್ಟು ಓದಿಲ್ಲ, ಪಾಸಾದರೆ ಸಾಕು ಅನ್ನುವುದೇ ಎಲ್ಲರ ಲೆಕ್ಕ. ಪೇಷೆಂಟ್ ಒಬ್ಬರು ಸ್ಟೂಡೆಂಟ್ ಕೂದಲು ಹಿಡಿದು ಎಳೆದಿದ್ದರಂತೆ, ಶಾಕ್ ಕೊಡುವಾಗ ನಾವೇ ಕೈಕಾಲು ಅದುಮಿ ಹಿಡಿಯಬೇಕಂತೆ ಎಂದು ಸೀನಿಯರ್‌ಗಳು ಹೇಳುತ್ತಾರೆ. ಅಮ್ಮ ಅಂತೂ 'ಅಂಥವರ ಜೊತೆ ಇದ್ದರೆ ನಿನಗೂ ಹಾಗೇ ಆಗುತ್ತೆ, ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟು ಮನೇಲಿರು' ಅನ್ನುತ್ತಾರೆ. ನನಗೆ ಓದು ಮುಗಿಸಿ ಜರ್ಮನಿಗೆ ಹೋಗಿ ಐಸಿಯುನಲ್ಲಿ ಕೆಲಸ ಮಾಡುವ ಆಸೆ. ಇದರಿಂದ ನನಗೇನು ಉಪಯೋಗ? ಇನ್ನೊಂದು ವಿಷಯ ಫ್ರೆಂಡ್ಸ್‌ಗೂ ಹೇಳಿಲ್ಲ. ನಮ್ಮ ದೊಡ್ಡಪ್ಪ ಎಷ್ಟೋ ವರ್ಷದಿಂದ ಮನೆಯ ಹಿಂದಿನ ಕೋಣೆಯಲ್ಲೇ ಇದ್ದಾರೆ. ಸ್ಕಿಜೋಫ್ರೇನಿಯಾ ಅಂತ ಡಾಕ್ಟರ್ ಹೇಳಿದ್ದರಂತೆ. ಮೊದಲು ಮಾತ್ರೆ ಇತ್ತು, ಈಗ ಇಲ್ಲ. ಒಬ್ಬರೇ ಮಾತಾಡಿಕೊಳ್ಳುತ್ತಾರೆ. ಊಟದ ತಟ್ಟೆ ಬಾಗಿಲ ಹತ್ತಿರ ಇಟ್ಟು ಬರುತ್ತೇವೆ. ನನಗೂ ಆ ಕಾಯಿಲೆ ಬರಬಹುದಾ?
– ಹೆಸರು ಬೇಡ, ವಿರಾಜಪೇಟೆ ತಾಲೂಕು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಅದು ಪೋಸ್ಟಿಂಗ್ ಬಗೆಗಿನ ಪ್ರಶ್ನೆ ಅನ್ನಿಸಿತು. ಎರಡನೇ ಸಲ ಓದುವಾಗ, ಇದು ಊಟದ ತಟ್ಟೆ ಬಾಗಿಲ ಹತ್ತಿರ ಇಟ್ಟು ಬರುವ ಹುಡುಗಿಯ ಪ್ರಶ್ನೆ ಎಂದು ಗೊತ್ತಾಯಿತು. ಹಾಗಾಗಿ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ.

ಮಾನಸಿಕ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಪಕ್ಕದಲ್ಲಿ ಕೂತರೂ ಇಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಇಲ್ಲ. ವಂಶದ ಪ್ರಶ್ನೆ ಬೇರೆ. ಅಲ್ಲಿ ನಿಮಗೆ ಸುಳ್ಳು ಸಮಾಧಾನ ಹೇಳಲಾರೆ. ಸ್ಕಿಜೋಫ್ರೇನಿಯಾ ಜೀವಮಾನದಲ್ಲಿ ಸುಮಾರು 100 ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆ. ತಂದೆ ಅಥವಾ ತಾಯಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಸುಮಾರು ಹತ್ತರಲ್ಲಿ ಒಂದು. ದೊಡ್ಡಪ್ಪ, ಸೋದರಮಾವ ಇಂಥ ಸಂಬಂಧದಲ್ಲಿದ್ದರೆ ಅದು 100ರಲ್ಲಿ 3–4ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ನಿಮ್ಮಂಥ 100 ಜನ ತಮ್ಮನ ಮಕ್ಕಳು, ತಂಗಿಯ ಮಕ್ಕಳಲ್ಲಿ ಸುಮಾರು 96 ಮಂದಿಗೆ ಅದು ಬರುವುದೇ ಇಲ್ಲ. ನಿಮ್ಮ ಕೈಯಲ್ಲಿರುವ ಮುಂಜಾಗ್ರತೆಯೂ ಇದೆ: ಗಾಂಜಾದ ಹತ್ತಿರ ಹೋಗಬೇಡಿ, ನಿದ್ದೆಗೆಡುವುದನ್ನು ಅಭ್ಯಾಸ ಮಾಡಿಕೊಳ್ಳಬೇಡಿ, ಮನಸ್ಸಿನಲ್ಲಿ ಏನೋ ಹೆಚ್ಚುಕಡಿಮೆ ಅನ್ನಿಸಿದರೆ ತಿಂಗಳುಗಟ್ಟಲೆ ಮುಚ್ಚಿಡಬೇಡಿ. ಪೋಸ್ಟಿಂಗ್‌ಗೆ ಹೋಗುವುದರಿಂದ ಈ ಲೆಕ್ಕ ಒಂದಿಷ್ಟೂ ಬದಲಾಗದು.

ಇನ್ನು ನಿಮ್ಮ ಕ್ಲಾಸಿನ ಮಾತು. ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಈ ವಿಷಯ ಪಾಠ ಮಾಡುತ್ತಿದ್ದೇನೆ, ಪ್ರತಿ ಬ್ಯಾಚಿನಲ್ಲೂ ಇದೇ ಮುಖಗಳನ್ನು ನೋಡಿದ್ದೇನೆ. ಸರ್ಜರಿ ಕ್ಲಾಸಿನಲ್ಲಿ ಮುಂದಿನ ಬೆಂಚಿಗೆ ಜಗಳವಾಡುವವರು ಇಲ್ಲಿ ಹಿಂದಿನ ಬೆಂಚು ಹುಡುಕುತ್ತಾರೆ. ಇದನ್ನು ಅಸಡ್ಡೆ ಎಂದುಕೊಂಡು ಮೊದಮೊದಲು ಬೈಯುತ್ತಿದ್ದೆ. ಈಗ ಬೈಯುವುದಿಲ್ಲ, ಏಕೆಂದರೆ ಅದರಲ್ಲಿ ಹೆಚ್ಚಿನದು ಹೆದರಿಕೆ. ಹೆದರಿಕೆಯನ್ನು ಹೆದರಿಕೆ ಅನ್ನಲು ನಾಚಿಕೆಯಾದಾಗ 'ಅಯ್ಯೋ, ಅದೇನು ಸಬ್ಜೆಕ್ಟು, ಕೂತು ಮಾತಾಡೋದು ತಾನೇ' ಅನ್ನುತ್ತೇವೆ. ನಾನೂ ವಿದ್ಯಾರ್ಥಿನಿಯಾಗಿದ್ದಾಗ ಮೊದಲ ದಿನ ವಾರ್ಡಿನ ಗ್ರಿಲ್ ಬಾಗಿಲ ಮುಂದೆ ಬಹಳ ಹೊತ್ತು ನಿಂತೇ ಇದ್ದೆ, ಒಳಗೆ ಕಾಲಿಡಲು ಆಗಿರಲಿಲ್ಲ.

ಆ ಹೆದರಿಕೆ ಎಲ್ಲಿಂದ ಬಂತು? ಒಂದಿಷ್ಟು ಮನೆಯಿಂದ, ಒಂದಿಷ್ಟು ಸಿನಿಮಾದಿಂದ. ಆದರೆ ನಮ್ಮ ಪಾಠದ ಕ್ರಮಕ್ಕೂ ಅದರಲ್ಲಿ ಪಾಲಿದೆ, ಇದನ್ನು ಶಿಕ್ಷಕಿಯಾಗಿ ಒಪ್ಪಿಕೊಳ್ಳುತ್ತೇನೆ. ಕ್ಲಾಸಿನಲ್ಲಿ ನಾವು ಕಲಿಸುವುದು ಲಕ್ಷಣಗಳ ಉದ್ದನೆಯ ಪಟ್ಟಿ, ಅದರಲ್ಲೂ ವಿಚಿತ್ರವಾದವೇ ಹೆಚ್ಚು. ಆಮೇಲೆ ತೀವ್ರ ಕಾಯಿಲೆಯವರು ದಾಖಲಾಗುವ ವಾರ್ಡಿಗೆ ಕರೆದುಕೊಂಡು ಹೋಗುತ್ತೇವೆ. ಅಲ್ಲಿ ಕಾಯಿಲೆಯ ಅತ್ಯಂತ ಕೆಟ್ಟ ವಾರದಲ್ಲಿರುವವರನ್ನು ಮಾತ್ರ ನೋಡುತ್ತೀರಿ. ಗುಣಮುಖರಾದವರು ವಾರ್ಡಿನಲ್ಲಿರುವುದಿಲ್ಲ, ಅವರು ತೋಟದಲ್ಲಿ, ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಇರುತ್ತಾರೆ. ಹೆರಿಗೆ ನೋವಿನ ಆ ಒಂದು ಗಂಟೆಯನ್ನಷ್ಟೇ ತೋರಿಸಿ, ಮಗುವನ್ನು ತೋರಿಸದೆ, ತಾಯ್ತನ ಅಂದರೆ ಇಷ್ಟೇ ಎಂದು ಕಲಿಸಿದ ಹಾಗೆ.

ಒಂದು ಸಲ ವಿದ್ಯಾರ್ಥಿನಿಯರನ್ನು, ಮನೆಯಲ್ಲಿದ್ದೇ ಚಿಕಿತ್ಸೆ ಮುಂದುವರಿಸುವವರು ಬರುವ ಫಾಲೋ-ಅಪ್ ಓಪಿಡಿಯಲ್ಲಿ ಕೂರಿಸಿದ್ದೆ. ಕೈಯಲ್ಲಿ ಜೀಪಿನ ಕೀ ತಿರುಗಿಸುತ್ತಾ ಒಬ್ಬರು ಬಂದರು. ಆಂಬುಲೆನ್ಸ್ ಡ್ರೈವರ್ ಇರಬೇಕು ಎಂದುಕೊಂಡು ಹುಡುಗಿಯರು ಸರಿದು ದಾರಿ ಬಿಟ್ಟರು. ಅವರು ಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ರಕ್ತದಲ್ಲಿ ಲಿಥಿಯಂ ಔಷಧ ಎಷ್ಟಿದೆ ಎಂದು ಹೇಳುವ ಲೆವೆಲ್ ರಿಪೋರ್ಟು. ಮನಸ್ಸು ಅತಿ ಉತ್ಸಾಹಕ್ಕೂ ಅತಿ ಖಿನ್ನತೆಗೂ ಹೊರಳುವ ಬೈಪೋಲಾರ್ ಕಾಯಿಲೆಗೆ ಒಂಬತ್ತು ವರ್ಷದಿಂದ ಮಾತ್ರೆ ತಪ್ಪಿಸದವರು. 'ಈ ಸಲ ಮಳೇಲಿ ನಿದ್ದೆ ಸ್ವಲ್ಪ ಕಮ್ಮಿಯಾಗಿತ್ತು ಸಿಸ್ಟರ್, ಅದಕ್ಕೆ ಮೊದಲೇ ಬಂದೆ' ಅಂದರು. ತನ್ನ ಕಾಯಿಲೆಯ ಮೊದಲ ಸುಳಿವು ಯಾವುದು ಎಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅವರು ಎದ್ದು ಹೋದ ಮೇಲೆ ಒಬ್ಬ ಹುಡುಗಿ, 'ಇವರಾ ಮೇಡಂ ಪೇಷೆಂಟು?' ಎಂದು ಕೇಳಿದಳು. ನನ್ನ ಎರಡು ತಿಂಗಳ ಪಾಠ ಮಾಡಲಾಗದ್ದನ್ನು ಆ ಹತ್ತು ನಿಮಿಷ ಮಾಡಿತು. ನೀವು ಪೋಸ್ಟಿಂಗ್‌ಗೆ ಹೋದರೆ ಮೊದಲು ಕೇಳಬೇಕಾದದ್ದು ಇದನ್ನೇ: 'ಒಂದು ದಿನ ಫಾಲೋ-ಅಪ್ ಓಪಿಡಿಯಲ್ಲಿ ಕೂರಿಸಿ.'

ಸೀನಿಯರ್‌ಗಳು ಹೇಳಿದ ಎರಡು ಕತೆಗಳಲ್ಲಿ ಕೂದಲಿನ ಕತೆ ನಿಜವಿರಬಹುದು. ಅಪಾಯವೇ ಇಲ್ಲ ಅಂದರೆ ತಪ್ಪಾಗುತ್ತದೆ. ಆದರೆ ಮಾನಸಿಕ ಕಾಯಿಲೆಯವರಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಎತ್ತುವುದಿಲ್ಲ, ಏಟು ತಿನ್ನುವವರೇ ಅವರಲ್ಲಿ ಹೆಚ್ಚು. ಕ್ಯಾಶುಯಲ್ಟಿಯಲ್ಲಿ ಕುಡಿದು ಬಂದವರಿಂದ ನಮ್ಮ ನರ್ಸ್‌ಗಳು ತಿನ್ನುವ ಬೈಗುಳ ನಿಮಗೂ ಗೊತ್ತು, ಹಾಗೆಂದು ಕ್ಯಾಶುಯಲ್ಟಿ ಪೋಸ್ಟಿಂಗ್ ಬೇಡ ಎಂದು ಯಾರೂ ಪತ್ರ ಬರೆಯುವುದಿಲ್ಲ. ಕೈಕಾಲು ಅದುಮುವ ಕತೆ ಹಳೆಯ ಕಾಲದ್ದು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 95ನೇ ಕಲಂ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಇಸಿಟಿ, ಅಂದರೆ ನೀವು ಹೇಳಿದ ಶಾಕ್ ಚಿಕಿತ್ಸೆ, ಕೊಡುವಂತಿಲ್ಲ. ಈಗ ರೋಗಿ ನಿದ್ದೆಯಲ್ಲಿರುತ್ತಾರೆ. ಒಂದು ಕಾಲಿಗೆ ಬಿಪಿ ಕಫ್ ಕಟ್ಟಿ ಗಾಳಿ ತುಂಬಿರುತ್ತಾರೆ, ಆ ಪಾದಕ್ಕೆ ಮಾತ್ರ ಸಡಿಲಿಸುವ ಔಷಧ ತಲುಪುವುದಿಲ್ಲ. ಆ ಪಾದ ಅದುರುವುದನ್ನು ನೋಡಿ ಸೆಕೆಂಡು ಎಣಿಸುವುದು ನಿಮ್ಮ ಕೆಲಸವಾಗಬಹುದು. ಅದುಮಿ ಹಿಡಿಯುವುದು ಯಾರ ಕೆಲಸವೂ ಅಲ್ಲ. ಸರಪಳಿ ಹಾಕುವುದನ್ನೂ ಅದೇ ಕಲಂ ನಿಷೇಧಿಸಿದೆ.

ಈಗ ನಿಮ್ಮ ಐಸಿಯು ಕನಸಿಗೆ ಬರೋಣ. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ 'ಸೈಕ್ ಅಂದರೆ ಸೈಕ್ ವಾರ್ಡಿನ ವಿಷಯ' ಅನ್ನುವ ತಪ್ಪಿನಿಂದ ಜೀವ ಹೋಗುವುದನ್ನು ಕಂಡಿದ್ದೇನೆ.

ಒಂದು ಫೆಬ್ರುವರಿಯಲ್ಲಿ ಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದ ಕಾರ್ಮಿಕರೊಬ್ಬರು ಆರ್ಥೋ ವಾರ್ಡಿನಲ್ಲಿದ್ದರು. ತೊಡೆ ಮೂಳೆ ಮುರಿದಿತ್ತು. ಎರಡು ದಿನ ಸುಮ್ಮನಿದ್ದವರು ಮೂರನೇ ರಾತ್ರಿ ಬೆಡ್‌ಶೀಟ್ ಮೇಲಿಂದ ಇರುವೆ ಹೆಕ್ಕತೊಡಗಿದರು. ಅಲ್ಲಿ ಇರುವೆ ಇರಲಿಲ್ಲ. 'ಆನೆ ಬಂತು, ಲೈನ್ ಮನೆ ಕಡೆ ಬಂತು' ಎಂದು ಎದ್ದು ಓಡಲು ನೋಡಿದರು. 'ತಲೆ ಕೆಟ್ಟಿದೆ, ಸೈಕ್‌ಗೆ ಕಳಿಸಿ' ಅಂದವರಿದ್ದರು. ಹೆಂಡತಿ ಗುಳಿಗ ದೈವದ ಹೆಸರು ಹೇಳಿ ಅಳುತ್ತಿದ್ದರು. ಡ್ಯೂಟಿಯಲ್ಲಿದ್ದ ವಿದ್ಯಾರ್ಥಿನಿ ಅವರ ಪಕ್ಕ ಕೂತು ಒಂದೇ ಪ್ರಶ್ನೆ ಕೇಳಿದಳು: 'ಕೊನೇ ಸಲ ಕುಡಿದದ್ದು ಯಾವಾಗ ಅಕ್ಕ?' ಬಿದ್ದ ದಿನ ಬೆಳಿಗ್ಗೆ. ಅವಳು ನಾಡಿ ಹಿಡಿದಳು, ನಿಮಿಷಕ್ಕೆ 120ರ ಮೇಲಿತ್ತು. ಕೈ ನಡುಗುತ್ತಿತ್ತು, ಮೈಯೆಲ್ಲ ಬೆವರು. ತಕ್ಷಣ ಡಾಕ್ಟರನ್ನು ಕರೆದಳು.

ದಿನಾ ಹೆಚ್ಚು ಕುಡಿಯುವವರು ಥಟ್ಟನೆ ನಿಲ್ಲಿಸಿದಾಗ 48ರಿಂದ 96 ಗಂಟೆಯೊಳಗೆ ಹೀಗಾಗಬಹುದು. ಡೆಲಿರಿಯಂ ಟ್ರೆಮೆನ್ಸ್ ಎಂದು ನೀವು ಓದಿದ್ದೀರಿ. ಗುರುತಿಸದೆ ಬಿಟ್ಟರೆ ಸಾವು ಬರಬಹುದು. ಶಾಂತಗೊಳಿಸುವ ಲೊರಾಜೆಪಾಮ್, ಥಯಾಮಿನ್ ಎಂಬ ವಿಟಮಿನ್, ನೀರಿನಂಶ, ಗದ್ದಲವಿಲ್ಲದ ಬೆಳಕಿರುವ ಕೋಣೆ, ಪಕ್ಕದಲ್ಲೊಬ್ಬರು ಇದ್ದರೆ ಹೆಚ್ಚಿನವರು ಉಳಿಯುತ್ತಾರೆ. ಥಯಾಮಿನ್ ಕೊಡದೆ ಗ್ಲೂಕೋಸ್ ಡ್ರಿಪ್ ಹಾಕಿದರೆ ಮಿದುಳಿಗೆ ಹಾನಿಯಾಗಬಹುದು ಎನ್ನುವುದೂ ಅದೇ ಪಾಠದಲ್ಲಿದೆ. ಆ ವಿದ್ಯಾರ್ಥಿನಿ ಹಿಂದಿನ ತಿಂಗಳಷ್ಟೇ ಸೈಕ್ ಪೋಸ್ಟಿಂಗ್ ಮುಗಿಸಿ ಬಂದವಳು.

ಐಸಿಯುನಲ್ಲಿ ಇದು ಇನ್ನೂ ಸೂಕ್ಷ್ಮ. ಡೆಲಿರಿಯಂ ಅಂದರೆ ದೇಹದ ಕಾಯಿಲೆಯಿಂದ ಥಟ್ಟನೆ ಬರುವ ಮನಸ್ಸಿನ ಗೊಂದಲ; ಗಲಾಟೆ ಮಾಡುವ ಡೆಲಿರಿಯಂ ಎಲ್ಲರಿಗೂ ಕಾಣಿಸುತ್ತದೆ. ಸುಮ್ಮನೆ ಮಲಗಿ, ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುವ ಡೆಲಿರಿಯಂ ಯಾರ ಕಣ್ಣಿಗೂ ಬೀಳುವುದಿಲ್ಲ, 'ಒಳ್ಳೆ ಪೇಷೆಂಟ್, ತೊಂದರೆ ಕೊಡಲ್ಲ' ಎಂದು ಚಾರ್ಟಿನಲ್ಲಿ ಬರೆದುಬಿಡುತ್ತೇವೆ. ಜರ್ಮನಿಯಾದರೂ ಮಡಿಕೇರಿಯಾದರೂ ಹಾಸಿಗೆಯ ಪಕ್ಕ ಹೆಚ್ಚು ಹೊತ್ತು ನಿಲ್ಲುವವರು ನರ್ಸ್. ಮೊದಲು ನೋಡಬೇಕಾದವರೂ ಅವರೇ.

ನಮ್ಮ ಜಿಲ್ಲೆಗೆ ಈ ಕಲಿಕೆ ಏಕೆ ಬೇಕು ಎಂದು ನನಗೆ ಮನದಟ್ಟಾದದ್ದು 2018ರ ಆಗಸ್ಟಿನಲ್ಲಿ. ಗುಡ್ಡ ಕುಸಿದು ಮನೆ ಕಳೆದುಕೊಂಡವರ ಪರಿಹಾರ ಕೇಂದ್ರವೊಂದರಲ್ಲಿ ಬಿಪಿ ನೋಡುತ್ತಿದ್ದೆವು. ಒಬ್ಬ ಹೆಂಗಸು ದಿನಕ್ಕೆ ಮೂರು ಸಲ ಬಂದು ಕೈ ಚಾಚುತ್ತಿದ್ದರು. ಪ್ರತಿ ಸಲವೂ 120/80. ನಾಲ್ಕನೇ ದಿನ ಕಫ್ ಬಿಚ್ಚಿದ ಮೇಲೆ ನಾನು ಕೈ ಬಿಡದೆ ಹಿಡಿದುಕೊಂಡೇ, 'ರಾತ್ರಿ ಮಳೆ ಜೋರಾದಾಗ ಏನನ್ನಿಸುತ್ತೆ?' ಎಂದು ಕೇಳಿದೆ. ಅರ್ಧ ಗಂಟೆ ಮಾತಾಡಿದರು. ಮರುದಿನ ಬಿಪಿ ನೋಡಿಸಲು ಬರಲಿಲ್ಲ, ಬಂದು ಪಕ್ಕದಲ್ಲಿ ಕೂತರು.

ಕೊಡಗಿನವರಾಗಿ ನೀವು ಎಚ್ಚರದಿಂದಿರಬೇಕಾದ ಒಂದೆರಡು ಸಂಗತಿ. ಮೆಂಟಲ್ ಸ್ಟೇಟಸ್ ಎಕ್ಸಾಮಿನೇಷನ್ (ರೋಗಿಯ ಮಾತು, ಯೋಚನೆ, ಮನಸ್ಥಿತಿಯ ಪರೀಕ್ಷೆ) ಬರೆಯುವಾಗ ಭಾಷೆ ಬಾರದಿದ್ದರೆ 'ಮಾತು ಅಸಂಬದ್ಧ' ಎಂದು ಗೀಚಬೇಡಿ. ಯರವ ಬುಡಕಟ್ಟಿನ ಅಜ್ಜಿಯೊಬ್ಬರ ಮಾತನ್ನು ನನ್ನ ವಿದ್ಯಾರ್ಥಿನಿ ಹಾಗೆ ಬರೆದಿದ್ದಳು. ಅವರ ಭಾಷೆ ಬಲ್ಲ ಆಯಾ ಬಂದು ಕೇಳಿದಾಗ, ಅಜ್ಜಿ ತನ್ನ ಕಂಬಳಿಯನ್ನು ಯಾರು ತೆಗೆದುಕೊಂಡು ಹೋದರು ಎಂದು ವಿಚಾರಿಸುತ್ತಿದ್ದರು, ಕಂಬಳಿ ನಿಜಕ್ಕೂ ಕಳೆದಿತ್ತು. ಹಾಗೆಯೇ ಕಾರಣರಿಗೆ, ಅಂದರೆ ತೀರಿಹೋದ ಕುಲದ ಹಿರಿಯರಿಗೆ, ಮೀದಿ (ಎಡೆ) ಇಡುವ ಮನೆಯವರು ಹಿರಿಯರು ಬಂದು ನುಡಿದರು ಅಂದರೆ ಅದೆಲ್ಲ ಭ್ರಮೆಯಲ್ಲ. ಆ ಮನೆತನದಲ್ಲಿ, ಆ ಊರಿನಲ್ಲಿ ಎಲ್ಲರೂ ಒಪ್ಪುವ ನಂಬಿಕೆಯೋ, ಇವರೊಬ್ಬರಿಗೇ ಬಂದದ್ದೋ ಎಂದು ಮನೆಯವರನ್ನು ಕೇಳಬೇಕು. ಇನ್ನೊಂದು, ಇಲ್ಲಿ ಮನೆ ಹೆಸರು ಕೇಳಿದರೆ ಸಾಕು, ಯಾರ ಮಗ, ಯಾರ ಅಳಿಯ ಎಂದು ತಿಳಿದುಹೋಗುತ್ತದೆ. ಆದ್ದರಿಂದ ಕೇಸ್ ಪ್ರೆಸೆಂಟೇಶನ್‌ನಲ್ಲಿ ಮನೆ ಹೆಸರು, ಊರು, ತೋಟದ ಹೆಸರು ಯಾವುದೂ ಬೇಡ. ಮೊದಲು ಹೇಳಿದ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 23ನೇ ಕಲಂ ರೋಗಿಯ ಗುಟ್ಟು ಕಾಪಾಡುವುದನ್ನು ಹಕ್ಕು ಎಂದಿದೆ.

ಸಾಯುವ ಯೋಚನೆ ಬರುತ್ತದೆಯೇ ಎಂದು ಕೇಳಲು ವಿದ್ಯಾರ್ಥಿಗಳು ನಡುಗುತ್ತಾರೆ, ನಾವೇ ಆ ವಿಚಾರ ತಲೆಗೆ ಹಾಕಿದಂತಾಗುತ್ತದೆ ಎಂದು. ಹಾಗಾಗುವುದಿಲ್ಲ. ಕೇಳಿದರೆ ಎಷ್ಟೋ ಜನರಿಗೆ ಎದೆಯ ಭಾರ ಇಳಿಯುತ್ತದೆ. ಹೌದು ಎಂದರೆ ಒಬ್ಬರೇ ಇರಲು ಬಿಡದೆ, ಆಗಲೇ ಸ್ಟಾಫ್‌ಗೆ ತಿಳಿಸಬೇಕು. ನಮ್ಮಲ್ಲಿ ಇನ್ನೂ ಒಂದು ಪ್ರಶ್ನೆಯನ್ನು ಮನೆಯವರಿಗೆ ಕೇಳಲೇಬೇಕು: ಕೋವಿ ಎಲ್ಲಿದೆ, ಬೀಗದ ಕೈ ಯಾರ ಹತ್ತಿರ? ಕೈಲ್ ಮುಹೂರ್ತದಂದು ಪೂಜೆಗೆ ಇಡುವ ಕೋವಿಯ ಬಗ್ಗೆ ಹೀಗೆ ಕೇಳಿದರೆ ಹಿರಿಯರಿಗೆ ಬೇಸರವಾಗಬಹುದು. ಸ್ವಲ್ಪ ದಿನ ನೆಂಟರ ಮನೆಯಲ್ಲಿರಲಿ ಎಂದು ವಿನಯದಿಂದ ಹೇಳಿದರೆ ಬಹಳ ಮಂದಿ ಒಪ್ಪುತ್ತಾರೆ. ತೋಟಕ್ಕೆ ಹೊಡೆಯುವ ಔಷಧಿ ಇಡುವ ಸ್ಟೋರಿಗೂ ಇದೇ ಮಾತು.

ಹಾಗಾದರೆ ನಿಮ್ಮ ಮುಂದೆ ಏನಿದೆ? ಅಮ್ಮ ಹೇಳಿದಂತೆ ಸರ್ಟಿಫಿಕೇಟ್ ಕೊಟ್ಟು ತಪ್ಪಿಸಿಕೊಳ್ಳಬಹುದು. ಆದರೆ ಐದು ಮತ್ತು ಆರನೇ ಸೆಮಿಸ್ಟರಿನಲ್ಲಿ ಮಾನಸಿಕ ಆರೋಗ್ಯ ಶುಶ್ರೂಷೆಯ ಕ್ಲಿನಿಕಲ್ ಗಂಟೆಗಳು ಕಡ್ಡಾಯ, ಬ್ಯಾಚು ಬಂದ ಮೇಲೆ ನೀವೊಬ್ಬರೇ ಹೋಗಿ ತುಂಬಿಸಬೇಕಾಗುತ್ತದೆ. ವಿದೇಶದ ಹಲವು ನರ್ಸಿಂಗ್ ಸಂಸ್ಥೆಗಳು ಟ್ರಾನ್ಸ್‌ಕ್ರಿಪ್ಟಿನಲ್ಲಿ ಈ ಗಂಟೆಗಳನ್ನು ಬೇರೆಯಾಗಿಯೇ ಎಣಿಸುತ್ತವೆ. ಸುಳ್ಳು ಸರ್ಟಿಫಿಕೇಟಿನ ಅಪಾಯ ನಿಮಗೇ ಗೊತ್ತು.

ಹೋಗಿ, ಸೀನಿಯರ್ ಬರೆದ ಪ್ರೊಸೆಸ್ ರೆಕಾರ್ಡಿಂಗ್ (ರೋಗಿಯ ಜೊತೆ ನಡೆದ ಮಾತುಕತೆಯ ದಾಖಲೆ) ನಕಲು ಮಾಡಿ, ಲಾಗ್ ಬುಕ್ಕಿಗೆ ಸಹಿ ಹಾಕಿಸಿಕೊಂಡು ಬರುವುದು ಎರಡನೇ ದಾರಿ. ಹೆಚ್ಚಿನವರು ಹಿಡಿಯುವುದು ಇದನ್ನೇ. ನನ್ನ ಪ್ರಕಾರ ಇದು ಮೊದಲನೆಯದಕ್ಕಿಂತ ಕೆಟ್ಟದ್ದು. ನರ್ಸಿಂಗ್ ಸ್ಟೇಷನ್ನಿನಲ್ಲಿ ಗುಂಪಾಗಿ ಕೂತು ದೂರದಿಂದ ನೋಡುವವರಿಗೆ ಕಿರುಚಾಟ ಮಾತ್ರ ಕೇಳಿಸುತ್ತದೆ. ಹೋದಾಗ ಇದ್ದ ಹೆದರಿಕೆ 'ನಾನೇ ಕಣ್ಣಾರೆ ಕಂಡೆ' ಅನ್ನುವ ಗಟ್ಟಿ ನಂಬಿಕೆಯಾಗಿ ವಾಪಸ್ ಬರುತ್ತದೆ. ಆ ನರ್ಸ್ ಮುಂದೆ ಮೂವತ್ತು ವರ್ಷ ಅದೇ ಕಣ್ಣಿನಿಂದ ರೋಗಿಗಳನ್ನು ನೋಡುತ್ತಾಳೆ.

ನಾನು ಹೇಳುವುದು, ತಯಾರಿ ಮಾಡಿಕೊಂಡು ಹೋಗಿ. ಹೊರಡುವ ಮೊದಲು ನಿಮಗೆ ನಂಬಿಕೆಯಿರುವ ಒಬ್ಬ ಟ್ಯೂಟರ್ ಹತ್ತಿರ ದೊಡ್ಡಪ್ಪನ ವಿಷಯ ಹೇಳಿ, ಎಲ್ಲರ ಮುಂದೆ ಬೇಡ. ದೊಡ್ಡಪ್ಪನದೇ ವಯಸ್ಸಿನ, ಅದೇ ಕಾಯಿಲೆಯ ರೋಗಿಯನ್ನು ಮೊದಲ ದಿನವೇ ನಿಮಗೆ ಹಂಚದಿರಲು ಅವರಿಂದಾಗುತ್ತದೆ. ದಿನಕ್ಕೊಬ್ಬರನ್ನು ಬದಲಿಸುವುದಕ್ಕಿಂತ ಒಬ್ಬರ ಜೊತೆ ಸತತ ನಾಲ್ಕೈದು ದಿನ ಕೂರಿ. ಮೊದಲ ದಿನ ಅವರು ಮಾತೇ ಆಡದಿರಬಹುದು, ಪರವಾಗಿಲ್ಲ. 'ನಾಳೆ ಹತ್ತಕ್ಕೆ ಬರ್ತೀನಿ' ಅಂದರೆ ಹತ್ತಕ್ಕೇ ಹೋಗಿ. ಕೂದಲು ಗಂಟು ಕಟ್ಟಿ, ಕೊರಳಲ್ಲಿ ದುಪಟ್ಟಾ ಬೇಡ, ಐಡಿ ಕಾರ್ಡನ್ನು ಕ್ಲಿಪ್ಪಿಗೆ ಸಿಕ್ಕಿಸಿ. ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ ಕೂರಿ, ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಬೇಡ. ಹಿಂದಿನಿಂದ ಮುಟ್ಟಬೇಡಿ. ಯಾರಾದರೂ ಶತಪಥ ತುಳಿಯುತ್ತಾ ಮುಷ್ಟಿ ಬಿಗಿದು ದನಿ ಏರಿಸಿದರೆ ವಾದ ಮಾಡದೆ ಹಿಂದೆ ಸರಿದು ಸ್ಟಾಫನ್ನು ಕರೆಯಿರಿ. ಫೋನ್ ನಂಬರ್ ಕೊಡಬೇಡಿ. ಕಿವಿಯಲ್ಲಿ ದನಿ ಕೇಳುತ್ತದೆ ಅಂದವರಿಗೆ 'ಅಂಥದ್ದೇನೂ ಇಲ್ಲ' ಅನ್ನಬೇಡಿ, 'ಹೌದು' ಎಂದೂ ಅನ್ನಬೇಡಿ. 'ನನಗೆ ಕೇಳಿಸ್ತಿಲ್ಲ, ನಿಮಗೆ ಅದರಿಂದ ಎಷ್ಟು ಕಷ್ಟ ಅಂತ ಗೊತ್ತಾಗ್ತಿದೆ' ಅಂದರೆ ಸಾಕು.

ಇದರಲ್ಲೂ ಅಪಾಯವಿದೆ. ಮನೆಯ ನೋವು ಕೆದಕಿದಂತಾಗಿ ಕೆಲವು ರಾತ್ರಿ ನಿದ್ದೆ ಬರದಿರಬಹುದು, ಓದಿದ ಪ್ರತಿ ಲಕ್ಷಣ ನನಗೂ ಇದೆ ಅನ್ನಿಸಬಹುದು. ಇದು ವಿದ್ಯಾರ್ಥಿಗಳಲ್ಲಿ ಸಾಮಾನ್ಯ, ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತದೆ. ಎರಡು ವಾರ ಕಳೆದರೂ ಹೋಗದಿದ್ದರೆ ಟ್ಯೂಟರ್‌ಗೆ ಹೇಳಿ, ಅಥವಾ 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರಿನಲ್ಲಿ ಶುರುವಾದ ಸರಕಾರದ ಟೆಲಿ-ಮಾನಸ್, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಹೆಸರು ಹೇಳಬೇಕಿಲ್ಲ.

ದೊಡ್ಡಪ್ಪನಿಗೆ ಈಗಲೂ ತಡವಾಗಿಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ವಯಸ್ಕರ ಪೈಕಿ 10.6% ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು, ಅವರಲ್ಲಿ ಬಹುಪಾಲು ಚಿಕಿತ್ಸೆಯ ಹೊರಗೇ ಇದ್ದರು. ಅಂಥ ಕೋಣೆ ನಿಮ್ಮ ಮನೆಯಲ್ಲಿ ಮಾತ್ರ ಇಲ್ಲ. ಅವರು ಬರಲು ಒಪ್ಪದಿದ್ದರೆ ಮೊದಲ ಸಲ ಅಪ್ಪ ಒಬ್ಬರೇ ಹಳೆಯ ಚೀಟಿಗಳನ್ನು ಹಿಡಿದುಕೊಂಡು ಜಿಲ್ಲಾ ಆಸ್ಪತ್ರೆಯ ಮನೋರೋಗ ಓಪಿಡಿಗೆ ಹೋಗಿ ವಿಷಯ ಹೇಳಬಹುದು. ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಯಾವ ದಿನ ಇದೆ ಎಂದು ವಿಚಾರಿಸಿ. ಹಳೆಯ ಮಾತ್ರೆಯನ್ನು ಹಳೆಯ ಡೋಸಿನಲ್ಲಿ ನೀವೇ ಶುರು ಮಾಡಬೇಡಿ. ಊಟದಲ್ಲಿ ಬೆರೆಸಿಯೂ ಕೊಡಬೇಡಿ, ತಿಳಿದ ದಿನ ಅವರು ಊಟವನ್ನೇ ಬಿಡುತ್ತಾರೆ. ಮನೆಯವರು ಹರಕೆ, ಪೂಜೆ ಅಂದರೆ ಅದಕ್ಕಾಗಿ ಜಗಳ ಬೇಡ, ಹೊಡೆತ, ಉಪವಾಸ, ಮಾತ್ರೆ ನಿಲ್ಲಿಸುವುದು ಇಷ್ಟಕ್ಕೆ ಮಾತ್ರ ಒಪ್ಪಬೇಡಿ.

ಅಲ್ಲಿಯ ತನಕ ನಿಮ್ಮಿಂದ ಆಗುವುದು ಇಷ್ಟು. ಈ ಭಾನುವಾರ ಮನೆಗೆ ಹೋದಾಗ ತಟ್ಟೆಯನ್ನು ಬಾಗಿಲ ಹತ್ತಿರ ಇಡಬೇಡಿ. ಬಾಗಿಲು ತೆರೆದಿಟ್ಟು, ಅವರಿಗೆ ಕಾಣುವಂತೆ ಹೊಸ್ತಿಲ ಈಚೆ ಒಂದು ಮಣೆ ಹಾಕಿಕೊಂಡು ಕೂರಿ. ಅವರು ಎಷ್ಟು ಉಂಡರು, ರಾತ್ರಿ ಮಲಗುತ್ತಾರಾ, ಕೈ ನಡುಗುತ್ತದಾ, ಏನು ಗೊಣಗುತ್ತಾರೆ ಎಂದು ಗಮನಿಸಿ, ಆಮೇಲೆ ಒಂದು ಹಾಳೆಯಲ್ಲಿ ಬರೆದಿಡಿ. ಅಪ್ಪ ಓಪಿಡಿಗೆ ಹೋಗುವಾಗ ಆ ಹಾಳೆ ಜೇಬಿನಲ್ಲಿರಲಿ.